ನಾಳೆಯ ನೆಲದ ನಕ್ಷೆ ಬರೆಯುವವರು ಯಾರು?

ಮಳೆಗಾಲ ಮುಗಿದು ದೀಪಾವಳಿ ಕಳೆಯುತ್ತಿದ್ದಂತೆ ಮಲೆನಾಡಿನ ಹಳ್ಳಿಗಳಲ್ಲಿ ಎರಡು ಬಗೆಯ ಕೆಲಸಗಳು ಆರಂಭವಾಗುತ್ತವೆ. ಒಂದು ಅಡಿಕೆ ಕೊಯ್ಲು. ಇನ್ನೊಂದು ಜೆಸಿಬಿ ಯಂತ್ರಗಳ ಸಂಚಾರ. ಗುಡ್ಡದ ಅಂಚಿನಲ್ಲಿ ಒಂದು ದಿನ ಕೆಂಪು ಗೀರು ಕಾಣಿಸಿಕೊಳ್ಳುತ್ತದೆ. ವಾರ ಕಳೆಯುವುದರೊಳಗೆ ಅದು ರಸ್ತೆಯಾಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಗುಡ್ಡದ ಒಂದು ಮಗ್ಗುಲು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಅಗೆದ ಮಣ್ಣು ಕೆಳಗಿನ ಗದ್ದೆಯನ್ನು ತುಂಬಿ ಸಮತಟ್ಟು ಮಾಡುತ್ತದೆ. ಇದು ಯಾರ ಜಾಗ, ಏನು ಕಟ್ಟುತ್ತಾರೆ, ಅನುಮತಿ ಕೊಟ್ಟವರು ಯಾರು ಎಂದು ಊರವರು ವಿಚಾರಿಸುವ ಹೊತ್ತಿಗೆ ಕಡತವೆಲ್ಲ ಕ್ರಮಬದ್ಧವಾಗಿರುತ್ತದೆ. ಪಹಣಿ ಸರಿಯಿದೆ, ಶುಲ್ಕ ಪಾವತಿಯಾಗಿದೆ, ಆದೇಶದ ಪ್ರತಿಯೂ ಇದೆ. ಕಾಗದದ ಮೇಲೆ ಯಾವ ತಪ್ಪೂ ಇಲ್ಲದ ಈ ಕೆಲಸದಿಂದಾಗಿ ಮುಂದಿನ ಆಷಾಢದಲ್ಲಿ ಕೆಳಗಿನ ಮನೆಯವರು ರಾತ್ರಿಯೆಲ್ಲ ಎಚ್ಚರವಿರಬೇಕಾಗುತ್ತದೆ.

ಈ ವೈಪರೀತ್ಯಕ್ಕೆ ಅಧಿಕಾರಿಗಳ ಭ್ರಷ್ಟತೆ, ಹಣವಂತರ ದುರಾಸೆ ಎಂಬ ಉತ್ತರಗಳು ಸುಲಭವಾಗಿ ದೊರೆಯುತ್ತವೆ. ಅವುಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಎಲ್ಲರೂ ಪ್ರಾಮಾಣಿಕರಾಗಿದ್ದರೂ, ನಿಯಮಗಳೆಲ್ಲ ಚಾಚೂ ತಪ್ಪದೆ ಪಾಲನೆಯಾದರೂ ಮಲೆನಾಡಿನ ಗುಡ್ಡಗಳು ಉಳಿಯುತ್ತವೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಉಳಿಯುವುದು ಕಷ್ಟ ಎಂಬುದೇ ಉತ್ತರ. ಏಕೆಂದರೆ ಗ್ರಾಮೀಣ ಜಿಲ್ಲೆಯೊಂದರ ನೆಲ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹೇಗೆ ಬಳಕೆಯಾಗಬೇಕು ಎಂಬುದನ್ನು ಜನರೊಡನೆ ಕುಳಿತು ಯಾರೂ ಬರೆದಿಟ್ಟಿಲ್ಲ. ಯೋಜನೆಯೇ ಇಲ್ಲದ ಕಡೆ ನಿಯಂತ್ರಣವೆಂಬುದು ಬರಿಯ ಮೊಹರು ಒತ್ತುವ ಕೆಲಸವಾಗುತ್ತದೆ.

ಒಂದೊಂದೇ ಸರ್ವೆ ನಂಬರು

ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ವಿಧಿಸಿತು. ಊರಿನ ಮಾತಿನಲ್ಲಿ 'ಕನ್ವರ್ಷನ್' ಎನ್ನುವುದು ಇದನ್ನೇ. ಅನುಮತಿ ನಿರಾಕರಿಸಲು ಕಾಯ್ದೆ ಕೆಲವು ಕಾರಣಗಳನ್ನು ಹೇಳಿತು. ಬೇರೊಂದು ಕಾನೂನಿನ ಉದ್ದೇಶ ಭಂಗವಾಗುವುದು, ಸಾರ್ವಜನಿಕರಿಗೆ ಉಪದ್ರವವಾಗುವುದು, ಜನಸಾಮಾನ್ಯರ ಹಿತಕ್ಕೆ ವಿರುದ್ಧವಾಗಿರುವುದು ಅವುಗಳಲ್ಲಿ ಮುಖ್ಯವಾದವು. ಆದರೆ ಅದೇ ಕಲಂ, ನಾಲ್ಕು ತಿಂಗಳೊಳಗೆ ತೀರ್ಮಾನ ತಿಳಿಸದಿದ್ದರೆ ಅನುಮತಿ ದೊರೆತಂತೆಯೇ ಎಂದು ಭಾವಿಸತಕ್ಕದ್ದೆಂದೂ ಹೇಳಿತು. ಅಂದರೆ ಆರಂಭದಿಂದಲೂ ಕಾನೂನಿನ ಒಲವು ಅರ್ಜಿದಾರನ ಕಡೆಗಿತ್ತು. ಇತ್ತೀಚಿನ ವರ್ಷಗಳಲ್ಲಿ ಅರ್ಜಿದಾರ ಸಲ್ಲಿಸುವ ಪ್ರಮಾಣಪತ್ರವನ್ನು ಆಧರಿಸಿ ಶೀಘ್ರವಾಗಿ ಪರಿವರ್ತನೆ ಮಾಡಿಕೊಡುವ ಪದ್ಧತಿ ಬಂದಿತು. 2020ರ ಭೂಸುಧಾರಣಾ ತಿದ್ದುಪಡಿ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ 1974ರಿಂದ ಇದ್ದ ಅಡ್ಡಿಯನ್ನು ನಿವಾರಿಸಿತು. ಕೊಳ್ಳುವುದೂ ಸುಲಭವಾಯಿತು, ಪರಿವರ್ತಿಸುವುದೂ ಸುಲಭವಾಯಿತು.

ತಾಲ್ಲೂಕು ಕಚೇರಿಯ ಕಿರುಕುಳದಿಂದ ಬೇಸತ್ತ ರೈತನಿಗೆ ಈ ಸರಳೀಕರಣ ಸಂತೋಷವನ್ನೇ ತಂದಿರಬಹುದು. ತನ್ನದೇ ಜಾಗದಲ್ಲಿ ಮಗನಿಗೊಂದು ಮನೆ ಕಟ್ಟಲು ವರ್ಷಗಟ್ಟಲೆ ಅಲೆದವರ ಕಷ್ಟ ಸಣ್ಣದಲ್ಲ. ತೊಡಕಿರುವುದು ಬೇರೆ ಕಡೆ. ಪರಿವರ್ತನೆಯ ಕಡತ ನೋಡುವುದು ಒಂದು ಸರ್ವೆ ನಂಬರನ್ನು. ಮಳೆ ನೋಡುವುದು ಇಡೀ ಗುಡ್ಡವನ್ನು. ಗುಡ್ಡದ ನೆತ್ತಿಯಲ್ಲಿ ಎರಡು ಎಕರೆ, ನಡುವಿನಲ್ಲಿ ಮೂರು ಎಕರೆ, ಬುಡದ ಗದ್ದೆಯಲ್ಲಿ ಒಂದು ಎಕರೆ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಅಧಿಕಾರಿಗಳ ಸಹಿಯಿಂದ ಪರಿವರ್ತನೆಯಾಗುತ್ತವೆ. ಪ್ರತಿಯೊಂದು ಆದೇಶವೂ ಬಿಡಿಯಾಗಿ ನಿರುಪದ್ರವಿ. ಇವನ್ನೆಲ್ಲ ಕೂಡಿಸಿ ನೋಡುವ ಹೊಣೆ ಮಾತ್ರ ಯಾವ ಕಚೇರಿಗೂ ಇಲ್ಲ.

ಗದ್ದೆಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಒಂದು ಎಕರೆ ಗದ್ದೆಯಲ್ಲಿ ಬದುವಿನೊಳಗೆ ನಾಲ್ಕು ಅಂಗುಲ, ಅಂದರೆ ಸುಮಾರು 10 ಸೆಂಟಿಮೀಟರ್ ನೀರು ನಿಂತರೆ ಅದು 4 ಲಕ್ಷ ಲೀಟರ್ ಆಗುತ್ತದೆ. ಹತ್ತು ಎಕರೆಯ ಒಂದು ಬಯಲು ಒಂದೇ ಹೊತ್ತಿನಲ್ಲಿ 40 ಲಕ್ಷ ಲೀಟರ್ ನೀರನ್ನು ತಡೆದು ನಿಲ್ಲಿಸುತ್ತದೆ. ಮಳೆಗಾಲದುದ್ದಕ್ಕೂ ಈ ನೀರು ಸ್ವಲ್ಪಸ್ವಲ್ಪವಾಗಿ ಇಂಗಿ ಕೆಳಗಿನ ಬಾವಿ, ಹಳ್ಳಗಳಿಗೆ ಆಧಾರವಾಗುತ್ತದೆ. ಈ ಕೆಲಸಕ್ಕೆ ಸರ್ಕಾರ ಒಂದು ರೂಪಾಯಿಯನ್ನೂ ಖರ್ಚು ಮಾಡಿಲ್ಲ. ಬದು ಕಟ್ಟಿದವರು ರೈತರು ಮತ್ತು ಕೂಲಿಕಾರರು. ಅಂಥ ಬಯಲಿಗೆ ಮಣ್ಣು ತುಂಬಿದಾಗ ಕಡತದಲ್ಲಿ 'ಒಣಗಿದ, ಸಾಗುವಳಿಯಿಲ್ಲದ ಜಮೀನು' ಎಂದಷ್ಟೇ ದಾಖಲಾಗುತ್ತದೆ. ಕಳೆದುಹೋದ ನೀರಿನ ಲೆಕ್ಕಕ್ಕೆ ಅಲ್ಲಿ ಅಂಕಣವೇ ಇಲ್ಲ.

ಗುಡ್ಡಗಳು ಹೇಳಿದ ಪಾಠ

2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಜಾರಿದವು. ಪ್ರಾಣಹಾನಿಯಾಯಿತು, ಮನೆ, ಕಾಫಿ ತೋಟ, ಗದ್ದೆಗಳು ಗುರುತು ಸಿಗದಂತೆ ಹೂತುಹೋದವು. ಆ ವರ್ಷದ ಮಳೆ ಅಸಾಧಾರಣವಾಗಿತ್ತೆಂಬುದು ನಿಜ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಪರಿಶೀಲನೆ ನಡೆಸಿ, ಮನೆ ಹಾಗೂ ರಸ್ತೆಗಳಿಗಾಗಿ ಇಳಿಜಾರುಗಳನ್ನು ಕಡಿದು ಮಾರ್ಪಡಿಸಿದ್ದು ಕುಸಿತಗಳಿಗೆ ಮುಖ್ಯ ಕಾರಣವೆಂದು ಬೊಟ್ಟು ಮಾಡಿತು. 2019ರಲ್ಲಿ ವಿರಾಜಪೇಟೆ ಬಳಿಯ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2021ರಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, ಹೀಗೆ ಸರಣಿ ಮುಂದುವರಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಾಗ, ಆಚೆ ದಡದ ಉಳುವರೆ ಗ್ರಾಮದ ಮನೆಗಳಿಗೂ ನೀರು ನುಗ್ಗಿ ಅಪ್ಪಳಿಸಿತು. ರಸ್ತೆಗೂ ತಮಗೂ ಸಂಬಂಧವಿಲ್ಲವೆಂದು ನಂಬಿದ್ದವರಿಗೆ ನದಿ ದಾಟಿ ಬಂದ ಪೆಟ್ಟು ಅದು. ಅದಾದ ಎರಡು ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ನೆರೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಮಣ್ಣಿನ ಸ್ವಭಾವವನ್ನು ಅರಿತವರಿಗೆ ಈ ಕುಸಿತಗಳಲ್ಲಿ ರಹಸ್ಯವೇನೂ ಇಲ್ಲ. ಕರಾವಳಿ ಮತ್ತು ಘಟ್ಟದ ಇಳಿಜಾರಿನ ಹಲವೆಡೆ ಮೇಲೆ ಗಟ್ಟಿ ಜಂಬಿಟ್ಟಿಗೆ, ಅದರ ಕೆಳಗೆ ನುಣುಪಾದ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಬಿಗಿಯಾಗಿರುವ ಶೇಡಿ, ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿದರೆ ಹರಿದುಹೋಗಬೇಕಾದ ನೀರು ನಿಂತು ಒಳಗಿಳಿಯುತ್ತದೆ. ಬುಡವನ್ನು ಕಡಿದರೆ ಮೇಲಿನ ಭಾರವನ್ನು ಹೊತ್ತಿದ್ದ ಆಸರೆ ಹೋಗುತ್ತದೆ. ಸಹಜವಾಗಿ ಹರಿಯುತ್ತಿದ್ದ ಒರತೆಯನ್ನು ಮುಚ್ಚಿದರೆ ಆ ನೀರು ಮಣ್ಣಿನೊಳಗೇ ಒತ್ತಡವಾಗಿ ಕೂಡುತ್ತದೆ. ಒಂದೇ ಗುಡ್ಡದಲ್ಲಿ ಈ ಮೂರೂ ನಡೆದರೆ ಉಳಿದ ಕೆಲಸವನ್ನು ಮಳೆ ಪೂರೈಸುತ್ತದೆ. ಮೂರನ್ನೂ ಒಬ್ಬನೇ ಮಾಡಿರಬೇಕಾಗಿಲ್ಲ ಎಂಬುದೇ ಇಲ್ಲಿನ ದುರಂತ.

ಸಂವಿಧಾನ ಹೇಳಿದ್ದು, ಜಿಲ್ಲೆ ಮರೆತದ್ದು

ಪಟ್ಟಣಗಳಿಗೆ ಯೋಜನೆಯ ಕಾನೂನಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಒಂದು ಪ್ರದೇಶವನ್ನು ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸಿ, ಅದಕ್ಕೆ ಮಹಾಯೋಜನೆ ತಯಾರಿಸಿ, ವಾಸ, ವಾಣಿಜ್ಯ, ಕೈಗಾರಿಕೆ, ಕೃಷಿ ಎಂದು ನೆಲವನ್ನು ವಿಂಗಡಿಸಿ, ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಬೇಕು. ಕಾಯ್ದೆಯ ಹೆಸರಿನಲ್ಲಿ ಗ್ರಾಮಾಂತರವೂ ಇದೆ. ಕಾರ್ಯದಲ್ಲಿ ಅದು ಹೆಚ್ಚಾಗಿ ಪಟ್ಟಣ ಮತ್ತು ಅದರ ಅಂಚಿನ ಹಳ್ಳಿಗಳನ್ನಷ್ಟೇ ಮುಟ್ಟಿದೆ. ಅದರಾಚೆಯ ಹಳ್ಳಿಗಳಲ್ಲಿ ಪರಿವರ್ತನೆಯ ಆದೇಶ ಹಾಗೂ ಪಂಚಾಯಿತಿಯ ಕಟ್ಟಡ ಪರವಾನಗಿ ಇವೆರಡೇ ನಿಯಂತ್ರಣ. ಹೀಗಾಗಿ ಸಮತಟ್ಟಾದ ಪೇಟೆಯಲ್ಲಿ ನಿವೇಶನಕ್ಕೆ ಇರುವಷ್ಟು ಪರಿಶೀಲನೆ ಕಡಿದಾದ ಗುಡ್ಡದ ಮೇಲಿನ ರೆಸಾರ್ಟಿಗೆ ಇಲ್ಲ.

ಈ ಕೊರತೆಯನ್ನು ತುಂಬಲು ಸಂವಿಧಾನವೇ ದಾರಿ ತೋರಿಸಿದೆ. 1992ರ 74ನೇ ತಿದ್ದುಪಡಿಯ ಮೂಲಕ ಸೇರಿದ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾ ಯೋಜನಾ ಸಮಿತಿ ಇರಬೇಕೆಂದು ಹೇಳುತ್ತದೆ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಜನ ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆಗಳ ಚುನಾಯಿತ ಸದಸ್ಯರಿಂದ, ಅವರ ನಡುವಿನಿಂದಲೇ ಆಯ್ಕೆಯಾಗಬೇಕು. ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಕ್ರೋಡೀಕರಿಸಿ ಇಡೀ ಜಿಲ್ಲೆಗೆ ಕರಡು ಅಭಿವೃದ್ಧಿ ಯೋಜನೆ ಸಿದ್ಧಪಡಿಸುವಾಗ ನೆಲದ ಬಳಕೆಯ ಯೋಜನೆ, ನೀರು ಹಾಗೂ ನಿಸರ್ಗ ಸಂಪತ್ತಿನ ಹಂಚಿಕೆ, ಮೂಲಸೌಕರ್ಯ, ಪರಿಸರ ಸಂರಕ್ಷಣೆ ಇವನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದು ಆ ವಿಧಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಪರಿಸರವಾದಿಗಳು ಕೇಳುತ್ತಿರುವುದು ಹೊಸದೇನನ್ನೂ ಅಲ್ಲ. ಮೂರು ದಶಕಗಳಿಂದ ಸಂವಿಧಾನದಲ್ಲಿರುವುದನ್ನೇ.

ಆಚರಣೆಯಲ್ಲಿ ಆಗಿರುವುದೇನು? ಜಿಲ್ಲಾ ಯೋಜನೆ ಎಂದರೆ ಇಲಾಖೆಗಳ ಕಾಮಗಾರಿ ಪಟ್ಟಿಗಳನ್ನು ಒಟ್ಟು ಸೇರಿಸಿ ಹೊಲಿದ ಪುಸ್ತಕ. ಅದರಲ್ಲಿ ಎಷ್ಟು ಕಿಲೋಮೀಟರ್ ರಸ್ತೆ, ಎಷ್ಟು ಕೊಳವೆಬಾವಿ ಎಂಬುದಿರುತ್ತದೆ. ಯಾವ ಗುಡ್ಡ ಕಡಿಯಬಾರದು, ಯಾವ ಬಯಲು ತುಂಬಬಾರದು ಎಂಬುದಿರುವುದಿಲ್ಲ. ಇದರ ಮೇಲೆ, 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತ ಸದಸ್ಯರೇ ಇಲ್ಲದಿದ್ದಾಗ ಅವರಿಂದ ರಚನೆಯಾಗಬೇಕಾದ ಸಮಿತಿಗೆ ಅರ್ಥವೇನು? 1987ರಲ್ಲಿ ಜಿಲ್ಲಾ ಪರಿಷತ್ತುಗಳನ್ನು ಚುನಾವಣೆಯ ಮೂಲಕ ರಚಿಸಿ ದೇಶಕ್ಕೆ ಮಾದರಿಯಾಗಿದ್ದ ರಾಜ್ಯದಲ್ಲಿ, ಅಬ್ದುಲ್ ನಜೀರ್ ಸಾಬ್ ಅವರ ನೆನಪು ಇನ್ನೂ ಉಳಿದಿರುವ ಹಳ್ಳಿಗಳಲ್ಲಿ, ಇದು ನಾಚಿಕೆಯ ಸಂಗತಿ.

ನೆರೆಯ ಕೇರಳ 2008ರಲ್ಲಿ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣೆಗೆ ಪ್ರತ್ಯೇಕ ಕಾನೂನು ಮಾಡಿತು. ಪ್ರತಿ ಪಂಚಾಯಿತಿಯಲ್ಲಿ ಅಧ್ಯಕ್ಷರು, ಕೃಷಿ ಅಧಿಕಾರಿ, ಗ್ರಾಮಾಧಿಕಾರಿ ಮತ್ತು ರೈತರ ಪ್ರತಿನಿಧಿಗಳಿರುವ ಉಸ್ತುವಾರಿ ಸಮಿತಿ, ಉಳಿದಿರುವ ಗದ್ದೆಗಳ ಪಟ್ಟಿ, ಗದ್ದೆ ತುಂಬುವುದಕ್ಕೆ ನಿಷೇಧ ಇವು ಅದರ ಮುಖ್ಯಾಂಶಗಳು. ಬೇರೆ ಜಾಗವಿಲ್ಲದ ರೈತ ವಾಸದ ಮನೆ ಕಟ್ಟಿಕೊಳ್ಳಲು ಪಂಚಾಯಿತಿ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ವಿನಾಯಿತಿಗೂ ಅವಕಾಶವಿತ್ತು. ಪಟ್ಟಿ ತಯಾರಿಕೆಯಲ್ಲಿ ತಪ್ಪುಗಳಾದವು, 2018ರ ತಿದ್ದುಪಡಿ ಕಾನೂನನ್ನು ಸಡಿಲಗೊಳಿಸಿತು, ಕೇರಳವೇನೂ ಆದರ್ಶವಲ್ಲ. ಆದರೆ ಬಡವನ ಮನೆಗೂ ಬಂಡವಾಳಗಾರನ ಬಡಾವಣೆಗೂ ವ್ಯತ್ಯಾಸ ಮಾಡಿದ್ದು, ನೆಲದ ತೀರ್ಮಾನದಲ್ಲಿ ಪಂಚಾಯಿತಿಗೆ ಮತ್ತು ಕೃಷಿ ಅಧಿಕಾರಿಗೆ ಸ್ಥಾನ ಕೊಟ್ಟಿದ್ದು ಗಮನಾರ್ಹ.

ಭಯಕ್ಕೆ ಉತ್ತರ ಬೇಕು

ನಿಯಂತ್ರಣವೆಂಬ ಮಾತು ಬಂದೊಡನೆ ಮಲೆನಾಡಿನ ರೈತ ಬೆಚ್ಚಿಬೀಳುತ್ತಾನೆ. ಅದಕ್ಕೆ ಕಾರಣಗಳಿವೆ. 2011ರ ಗಾಡ್ಗೀಳ್ ಸಮಿತಿಯ ವರದಿ ತನ್ನ ಶಿಫಾರಸುಗಳನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಿ ಗಡಿಗಳನ್ನು ನಿರ್ಧರಿಸಬೇಕೆಂದು ಸೂಚಿಸಿತ್ತು. ಅತಿ ಸೂಕ್ಷ್ಮ ವಲಯದಲ್ಲಿ ಕೃಷಿಭೂಮಿ ಅನ್ಯ ಬಳಕೆಗೆ ಹೋಗಬಾರದೆಂದು ಹೇಳುವಾಗಲೂ, ಸ್ಥಳೀಯರ ಸಂಖ್ಯೆ ಹೆಚ್ಚಿದಾಗ ಊರಿನ ವಸತಿ ವಿಸ್ತರಣೆಗೆ ಅದು ವಿನಾಯಿತಿ ನೀಡಿತ್ತು. ಅಂಥ ಚರ್ಚೆ ನಡೆಯಲೇ ಇಲ್ಲ. ಅನಂತರದ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರಗಳ ಆಧಾರದಿಂದ, ಗ್ರಾಮದ ಶೇ. 20 ಅಥವಾ ಅದಕ್ಕಿಂತ ಹೆಚ್ಚು ಭಾಗ ನೈಸರ್ಗಿಕವಾಗಿದ್ದರೆ ಇಡೀ ಗ್ರಾಮವನ್ನೇ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಅಂಗಳ, ತೋಟ, ಕೊಟ್ಟಿಗೆ ಎಲ್ಲವೂ ಪಟ್ಟಿಗೆ ಸೇರಿದ್ದನ್ನು ಜನ ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಯಿತು. 2014ರಿಂದ 2024ರ ಜುಲೈ 31ರವರೆಗೆ ಕೇಂದ್ರ ಸರ್ಕಾರ ಆರು ಕರಡು ಅಧಿಸೂಚನೆಗಳನ್ನು ಹೊರಡಿಸಿತು. ಆರನೆಯದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು.

ತಿರಸ್ಕರಿಸುವ ಹಕ್ಕು ಸರ್ಕಾರಕ್ಕೂ ಇದೆ, ಜನರಿಗೂ ಇದೆ. ಆದರೆ ದಿಲ್ಲಿಯ ನಕ್ಷೆ ಬೇಡವೆಂದವರು ಊರಿನ ನಕ್ಷೆಯನ್ನಾದರೂ ಬರೆಯಬೇಕಿತ್ತು. ಆ ಕೆಲಸ ಎಲ್ಲಿಯೂ ನಡೆಯದ ಕಾರಣ ಇಂದು ಉಳಿದಿರುವುದು ಮೂರನೆಯ ನಕ್ಷೆ, ಭೂವ್ಯಾಪಾರಿಗಳ ಬಳಿಯಿರುವ ನಕ್ಷೆ. ಅದರಲ್ಲಿ ಯಾವ ಗುಡ್ಡದಿಂದ ಕಣಿವೆ ಚೆನ್ನಾಗಿ ಕಾಣುತ್ತದೆ, ಯಾವ ಹಳ್ಳದ ಬದಿಯಲ್ಲಿ ಹೋಮ್‌ಸ್ಟೇ ಕಟ್ಟಬಹುದು, ಯಾವ ಮನೆಯ ಮಕ್ಕಳು ಬೆಂಗಳೂರು ಸೇರಿದ್ದಾರೆ ಎಂಬುದೆಲ್ಲ ಸ್ಪಷ್ಟವಾಗಿ ಗುರುತಾಗಿದೆ. ಯೋಜನೆ ಯಾರದೂ ಇಲ್ಲವೆಂಬುದು ಭ್ರಮೆ. ಹಣವಂತನಿಗೆ ಸದಾ ಒಂದು ಯೋಜನೆಯಿರುತ್ತದೆ.

ಮಾರುವ ರೈತನನ್ನು ದೂಷಿಸಿ ಪ್ರಯೋಜನವಿಲ್ಲ. ಭತ್ತದ ಬೆಲೆ ನಾಟಿಯ ಕೂಲಿಗೂ ಸಾಲದು. ಕಾಡುಹಂದಿ, ಮಂಗಗಳ ಹಾವಳಿ. ಅಡಿಕೆಗೆ ಕೊಳೆ, ಎಲೆಚುಕ್ಕಿ, ಹಳದಿ ಎಲೆ ರೋಗಗಳು. ಗದ್ದೆಯನ್ನು ಅಡಿಕೆ ತೋಟ ಮಾಡಿದವರಲ್ಲಿ ಪರಿಸರಾಸಕ್ತರೂ ಇದ್ದಾರೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಗದ್ದೆ ಉಳಿಸಿ ಎಂದು ಬೋಧಿಸುವ ಸಮಾಜ ಅದು ಇಂಗಿಸುವ ನೀರಿನ ಬೆಲೆಯನ್ನು ಗದ್ದೆಯ ಒಡೆಯನಿಗೂ ದುಡಿಯುವವನಿಗೂ ಕೊಡಲು ಸಿದ್ಧವಿರಬೇಕು. ಬಯಲುಸೀಮೆಯ ನಗರಗಳು ಕುಡಿಯುವ ಕಾವೇರಿ, ತುಂಗಭದ್ರೆಯರ ನೀರು ಹುಟ್ಟುವುದು ಈ ಗುಡ್ಡಗಳಲ್ಲಿಯೇ. ಗುಡ್ಡ ಕಾಯುವವರಿಗೆ ಆ ನಗರಗಳ ಪಾಲು ಏನೆಂಬುದು ಯಾವುದೇ ಜಿಲ್ಲಾ ಯೋಜನೆಯ ಮೊದಲ ಪುಟದಲ್ಲಿ ಇರಬೇಕಾದ ಪ್ರಶ್ನೆ.

ಹಿಂದಿನವರಿಗೆ ಬರೆಯದ ಯೋಜನೆಯೊಂದಿತ್ತು. ನೆತ್ತಿಯಲ್ಲಿ ಕಾನು ಅಥವಾ ದೇವರಕಾಡು, ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಕಣಿವೆಯಲ್ಲಿ ತೋಟ, ತಗ್ಗಿನಲ್ಲಿ ಗದ್ದೆ, ಗಟ್ಟಿನೆಲದ ಮೇಲೆ ಮನೆ ಎಂಬ ಆ ಕ್ರಮದಲ್ಲಿ ನೆಲದ ಗುಣಕ್ಕೆ ತಕ್ಕ ಬಳಕೆಯಿತ್ತು. ಆದರೆ ಅದೇ ಕ್ರಮದಲ್ಲಿ ಗದ್ದೆ ಒಬ್ಬರದು, ದುಡಿಮೆ ಇನ್ನೊಬ್ಬರದು. ಹಲವರಿಗೆ ಸ್ವಂತದ ಅಂಗಳವೂ ಇರಲಿಲ್ಲ. ನಾಳೆಯ ಯೋಜನೆ ಹಳೆಯದರ ವಿವೇಕವನ್ನು ಇಟ್ಟುಕೊಂಡು ಅದರ ಅನ್ಯಾಯವನ್ನು ಬಿಡಬೇಕು. ಭೂಹೀನ ಕುಟುಂಬಗಳ ನಿವೇಶನಕ್ಕೆ ಸುರಕ್ಷಿತವಾದ ಜಾಗವನ್ನು ಮೊದಲು ಗುರುತಿಸದ ಯಾವ ಸಂರಕ್ಷಣಾ ನಕ್ಷೆಯೂ ನ್ಯಾಯವಾದುದಲ್ಲ. ಬೇರೆ ಜಾಗವಿಲ್ಲದೆ ಕಡಿದ ಧರೆಯ ಅಡಿಯಲ್ಲಿ ಮನೆ ಕಟ್ಟಿಕೊಂಡವರೇ ಕುಸಿತದಲ್ಲಿ ಮೊದಲು ಸಾಯುವವರು.

ಗ್ರಾಮಸಭೆಯಿಂದ ಆರಂಭ

ಜಿಲ್ಲೆಯಿಂದ ಯೋಜನೆ ಇಳಿದುಬರಲಿ ಎಂದು ಕಾಯುವ ಬದಲು ಊರಿನಿಂದ ಮೇಲಕ್ಕೆ ಕಳುಹಿಸುವುದು ಸಾಧ್ಯವಿದೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ.

ಮೊದಲನೆಯದು, ನಕ್ಷೆ. ಗ್ರಾಮದ ಸರ್ವೆ ನಕ್ಷೆಯ ಮೇಲೆ ಒರತೆ, ಕೆರೆ, ಹಳ್ಳ, ಗದ್ದೆಬಯಲು, ಕಾನು, ಹಿಂದೆ ಮಣ್ಣು ಜಾರಿದ ಸ್ಥಳ ಇವನ್ನು ಗುರುತಿಸಬೇಕು. ಊರಿನ ಹಿರಿಯರಿಗೆ ಇವೆಲ್ಲ ಬಾಯಿಪಾಠ. ಬರೆದುಕೊಳ್ಳುವ ವಿದ್ಯಾರ್ಥಿಗಳು ಬೇಕಾಗಿದ್ದಾರೆ. ಇಳಿಜಾರು ಅಳೆಯಲು ದುಬಾರಿ ಉಪಕರಣ ಬೇಡ. ನೀರು ತುಂಬಿದ ಪಾರದರ್ಶಕ ಪೈಪು ಮತ್ತು ಅಳತೆಯ ಪಟ್ಟಿ ಸಾಕು. ಮಟ್ಟವಾಗಿ 100 ಅಡಿ ಸಾಗುವಾಗ ನೆಲ 30 ಅಡಿ ಏರಿದರೆ ಅದು ಶೇ. 30ರ ಇಳಿಜಾರು. ಅಂಥ ಕಡೆ ಜೆಸಿಬಿ ಇಳಿಯುವ ಮುನ್ನ ಊರು ಎರಡು ಬಾರಿ ಯೋಚಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಪಂಚಾಯಿತಿಗಳಲ್ಲಿ ರಚನೆಯಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಎರಡನೆಯದು, ಲೆಕ್ಕ. ಕಳೆದ ಹತ್ತು ವರ್ಷಗಳಲ್ಲಿ ಹೋಬಳಿಯಲ್ಲಿ ಯಾವ ಸರ್ವೆ ನಂಬರಿನ ಎಷ್ಟು ಎಕರೆ, ಯಾವ ಉದ್ದೇಶಕ್ಕೆ ಪರಿವರ್ತನೆಯಾಯಿತೆಂಬ ಮಾಹಿತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಕಚೇರಿ ಕೂಡಿಸದ ಮೊತ್ತವನ್ನು ಊರು ಕೂಡಿಸಲಿ. ಕಾಲೇಜಿನ ಭೂಗೋಳ, ಅರ್ಥಶಾಸ್ತ್ರ ವಿದ್ಯಾರ್ಥಿಗಳಿಗೆ ಇದೊಂದು ಸಾರ್ಥಕ ಅಧ್ಯಯನ.

ಮೂರನೆಯದು, ನಿರ್ಣಯ. ಈ ನಕ್ಷೆ ಮತ್ತು ಲೆಕ್ಕವನ್ನು ಗ್ರಾಮಸಭೆಯಲ್ಲಿಟ್ಟು, ಮುಂದಿನ ಇಪ್ಪತ್ತು ವರ್ಷಗಳ ವಸತಿಗೆ ಇಂಥ ಜಾಗ, ತುಂಬಬಾರದ ಬಯಲು ಇಂಥದು, ಕಡಿಯಬಾರದ ಇಳಿಜಾರು ಇಂಥದು ಎಂದು ನಿರ್ಣಯಿಸಿ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಸೇರಿಸಬೇಕು. ಪ್ರತಿಯನ್ನು ಜಿಲ್ಲಾಧಿಕಾರಿಗೆ ಕಳುಹಿಸಬೇಕು. ಅಂಥ ನಿರ್ಣಯ ಜಿಲ್ಲಾಧಿಕಾರಿಯ ಕೈ ಕಟ್ಟಲಾರದು ಎಂಬುದು ನಿಜ. ಆದರೆ ಜನಸಾಮಾನ್ಯರ ಹಿತವೇನೆಂಬುದು ದಾಖಲೆಯಾಗಿ ಕಚೇರಿಯಲ್ಲಿರುವಾಗ, ತಿಳಿದಿರಲಿಲ್ಲ ಎಂದು ಹೇಳುವ ಅವಕಾಶ ಯಾರಿಗೂ ಉಳಿಯುವುದಿಲ್ಲ. ಒಂದು ಊರಿನ ನಿರ್ಣಯವನ್ನು ಕಪಾಟಿನಲ್ಲಿಡಬಹುದು; ಒಂದು ತಾಲ್ಲೂಕಿನ ಎಲ್ಲ ಊರುಗಳದನ್ನು ಇಡುವುದು ಕಷ್ಟ.

ನಾಲ್ಕನೆಯದು, ಬೇಡಿಕೆ. ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೇ ಪ್ರಶ್ನೆ: ಜಿಲ್ಲಾ ಯೋಜನಾ ಸಮಿತಿಯಲ್ಲಿ ಈ ನಕ್ಷೆಗಳನ್ನು ಇಟ್ಟು ಜಿಲ್ಲೆಯ ನೆಲದ ಯೋಜನೆಯನ್ನು ಮಾಡಿಸುತ್ತೀರಾ? ರಸ್ತೆ, ಸೇತುವೆಗಳ ಬೇಡಿಕೆಯ ಜೊತೆಗೆ ಇದೂ ಇರಲಿ.

ಗುಡ್ಡ ಒಮ್ಮೆ ಜಾರಿದ ಮೇಲೆ ಪರಿಹಾರಧನ ಬರುತ್ತದೆ, ಮಂತ್ರಿಗಳು ಬರುತ್ತಾರೆ, ತಜ್ಞರ ಸಮಿತಿಯೂ ಬರುತ್ತದೆ. ಆ ಮಣ್ಣು ಮಾತ್ರ ಮರಳಿ ಬರುವುದಿಲ್ಲ. ಈ ಬಾರಿಯ ಗ್ರಾಮಸಭೆಯ ನೋಟಿಸು ಪಂಚಾಯಿತಿ ಫಲಕದಲ್ಲಿ ಅಂಟಿಸಿದ ದಿನ, ಪ್ರತಿ ಊರಿನಿಂದ ಹತ್ತು ಜನ ಸರ್ವೆ ನಕ್ಷೆಯ ಪ್ರತಿಯೊಂದನ್ನು ಹಿಡಿದು ಹಾಜರಾಗಲಿ. ಜಿಲ್ಲೆಯ ಯೋಜನೆ ಅಲ್ಲಿಂದಲೇ ಆರಂಭವಾಗಬೇಕು.